ಮೊದಲು ಹಾಲು ನಿಲ್ಲಿಸಿ

ನಿಮ್ಮದು 4 ಕೆಜಿಯ ಪೊಮೆರೇನಿಯನ್ ನಾಯಿ, ಹಾಲು-ಅನ್ನ ತಿಂದರೆ ಭೇದಿ, ಬೆಳಗಿನ ಜಾವ ಹಳದಿ ನೊರೆ ವಾಂತಿ ಎಂದು ಬರೆದಿದ್ದೀರಿ. ಹಾಲನ್ನು ಪೂರ್ತಿ ನಿಲ್ಲಿಸಿ. ಬೆಳೆದ ನಾಯಿಗಳಲ್ಲಿ ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆ ಅರಗಿಸುವ ಶಕ್ತಿ ಕಡಿಮೆ. ಅರಗದ ಸಕ್ಕರೆ ಕರುಳಿಗೆ ನೀರೆಳೆದು ಭೇದಿಯಾಗುತ್ತದೆ.

ಮೂರ್ನಾಲ್ಕು ದಿನ ಇಷ್ಟೇ ಕೊಡಿ: ದಿನಕ್ಕೆ ಮೆತ್ತಗೆ ಬೆಂದ ಅನ್ನ 100 ಗ್ರಾಂ, ಚರ್ಮ, ಮೂಳೆ ತೆಗೆದು ಬೇಯಿಸಿ ಎಳೆಎಳೆಯಾಗಿ ಬಿಡಿಸಿದ ಕೋಳಿ ಎದೆಮಾಂಸ 45 ಗ್ರಾಂ, ಬೆಂದ ಸಿಹಿಗುಂಬಳ ಒಂದು ಟೀ ಚಮಚ. ಉಪ್ಪು, ಎಣ್ಣೆ ಬೇಡ. ಈರುಳ್ಳಿ, ಬೆಳ್ಳುಳ್ಳಿಯಂತೂ ಬೇಡವೇ ಬೇಡ, ನಾಯಿಯ ಕೆಂಪು ರಕ್ತಕಣಗಳನ್ನೇ ಒಡೆಯುತ್ತವೆ. ಇದನ್ನು ನಾಲ್ಕು ಹೊತ್ತಿಗೆ ಹಂಚಿ, ಕೊನೆಯ ಪಾಲು ನೀವು ಮಲಗುವ ಮುನ್ನ ಕೊಡಿ. ರಾತ್ರಿಯಿಡೀ ಹೊಟ್ಟೆ ಖಾಲಿಯಿದ್ದರೆ ಪಿತ್ತ ಹೊಟ್ಟೆಗೆ ನುಗ್ಗುತ್ತದೆ. ಜಾವದ ಹಳದಿ ವಾಂತಿಗೆ ಹೆಚ್ಚಾಗಿ ಅದೇ ಕಾರಣ.

ಮಲ ಗಟ್ಟಿಯಾದ ಮೇಲೆ ಸಣ್ಣ ತಳಿಯ ಡಾಗ್ ಫುಡ್ಡನ್ನು ಎರಡು ದಿನ ಕಾಲು ಪಾಲು, ಎರಡು ದಿನ ಅರ್ಧ, ಎರಡು ದಿನ ಮುಕ್ಕಾಲು ಹೀಗೆ ಬೆರೆಸುತ್ತ ಹೋಗಿ. ಅವಸರ ಮಾಡಿದರೆ ಮತ್ತೆ ಭೇದಿ ಗ್ಯಾರಂಟಿ. ಅನ್ನ-ಕೋಳಿಯಲ್ಲೇ ತಿಂಗಳುಗಟ್ಟಲೆ ಇಡಬೇಡಿ, ಕ್ಯಾಲ್ಸಿಯಂ ಸಾಲುವುದಿಲ್ಲ.

ಮಲದಲ್ಲಿ ರಕ್ತ ಕಂಡರೆ, ನೀರೂ ನಿಲ್ಲದೆ ವಾಂತಿಯಾದರೆ, ನಾಯಿ ಮಂಕಾಗಿ ಬಿದ್ದುಕೊಂಡರೆ ಪಥ್ಯ ನೋಡುತ್ತ ಕೂರಬೇಡಿ, ಅಂದೇ ಪಶುವೈದ್ಯರಿಗೆ ತೋರಿಸಿ. ಹೋಗುವಾಗ ತಾಜಾ ಮಲದ ಸ್ಯಾಂಪಲ್ಲೂ ಇರಲಿ, ಜಂತುಹುಳು, ಜಿಯಾರ್ಡಿಯಾ (ಭೇದಿ ತರುವ ಕರುಳಿನ ಸೂಕ್ಷ್ಮ ಪರಜೀವಿ) ಇವೆಯೇ ಎಂದು ನೋಡಿಸಬೇಕು.