ಪೋಕರ್‌ನಲ್ಲಿ ಸ್ಟೇಕ್ಸ್ (ಆಡುವ ದುಡ್ಡಿನ ಮಟ್ಟ) ಇಳಿಸಲಾ ಅಂತ ಕೇಳಿದವರಿಗೆ

ಕೈಯಲ್ಲಿ 40 ಬೈ-ಇನ್ (ಒಂದು ಬೈ-ಇನ್ ಅಂದರೆ ಒಮ್ಮೆ ಟೇಬಲ್‌ಗೆ ಕೂರಲು ತರುವ ದುಡ್ಡು) ಇದ್ದದ್ದು 18ಕ್ಕೆ ಬಂದಿದೆ, ಕೆಳಗಿನ ಟೇಬಲ್‌ಗೆ ಹೋಗಲಾ ಅಂತ ಕೇಳಿದ್ದೀರಿ. ಹೋಗಿ, ನಾಚಿಕೆ ಯಾಕೆ? ಕ್ಯಾಶ್ ಗೇಮ್‌ನಲ್ಲಿ (ನೇರ ದುಡ್ಡಿಗೆ ಆಡುವ ಆಟ) ನಾನು 20ಕ್ಕೆ ಬಂದರೆ ಇಳಿಯುತ್ತೇನೆ, ಮೇಲಿನ ಸ್ಟೇಕ್ಸ್‌ಗೆ 30 ಬೈ-ಇನ್ ಕೂಡಿದ ಮೇಲೇ ವಾಪಸ್ ಹತ್ತುತ್ತೇನೆ. ಟೂರ್ನಮೆಂಟ್‌ಗೆ ಇಷ್ಟು ಸಾಲದು, ಅಲ್ಲಿ ಏರಿಳಿತ ಜಾಸ್ತಿ.

ಇನ್ನು ಕಲಿಕೆ. ಸಾಲ್ವರ್ ಚಾರ್ಟ್ (ಯಾವಾಗ ಹೇಗೆ ಆಡಬೇಕು ಅಂತ ಸಾಫ್ಟ್‌ವೇರ್ ಲೆಕ್ಕ ಹಾಕಿ ಕೊಡುವ ಪಟ್ಟಿ) ಸುಮ್ನೆ ಬಾಯಿಪಾಠ ಮಾಡಬೇಡಿ, ಸೋತ ಕೈ (ಆಟದ ಒಂದು ಸುತ್ತು) ತೆಗೆದು ಲೆಕ್ಕ ಹಾಕಿ. ನೀವು ಬರೆದದ್ದನ್ನೇ ನೋಡಿ: ಟರ್ನ್‌ನಲ್ಲಿ (ಮೇಜಿನ ಮೇಲೆ ನಾಲ್ಕನೇ ಎಲೆ ಬಿದ್ದಾಗ) ಪಾಟ್ (ಮಧ್ಯದಲ್ಲಿ ಕೂಡಿದ ದುಡ್ಡು) 100, ಎದುರಾಳಿಯ ಬೆಟ್ 50, ನಿಮ್ಮದು ಫ್ಲಶ್ ಡ್ರಾ (ಒಂದೇ ಜಾತಿಯ ಐದು ಎಲೆಗೆ ಇನ್ನೊಂದು ಬೇಕು). ಕಾಲ್ ಮಾಡಿದರೆ, ಅಂದರೆ ನೀವೂ 50 ಹಾಕಿದರೆ, ಪಾಟ್ 200 ಆಗುತ್ತದೆ; ಹಾಗಾಗಿ 25% ಗೆಲುವಿನ ಅವಕಾಶ ಬೇಕು. ಕಾಣದ 46 ಎಲೆಗಳಲ್ಲಿ ನಿಮ್ಮವು 9, ಅಂದರೆ 20%ಕ್ಕಿಂತ ಸ್ವಲ್ಪ ಕಡಿಮೆ. ಫ್ಲಶ್ ಕೂಡಿದಾಗ ರಿವರ್‌ನಲ್ಲಿ (ಕೊನೆಯ ಎಲೆ ಬಿದ್ದ ಮೇಲೆ) ಅವರು ಇನ್ನೂ ದುಡ್ಡು ಹಾಕುತ್ತಾರೆ ಅನ್ನಿಸದಿದ್ದರೆ ಅದು ಫೋಲ್ಡ್ (ಎಲೆ ಬಿಟ್ಟು ಹಿಂದೆ ಸರಿಯುವುದು) ಅಲ್ವಾ?