ಕೆಮಿಸ್ಟ್ರಿ ಓದಿದೋರಿಗೆ ಆಕಾಶದಲ್ಲೂ ಕೆಲಸ ಇದೆ

ಪ್ರಶ್ನೆ: ಮಗಳು ಮೈಸೂರಲ್ಲಿ ಬಿಎಸ್ಸಿ ಕೆಮಿಸ್ಟ್ರಿ ಓದ್ತಿದ್ದಾಳೆ. ಗ್ರಹಗಳು ಹುಟ್ಟೋ ಜಾಗದ ಕೆಮಿಸ್ಟ್ರಿ ಓದ್ಬೇಕಂತೆ. ಅಷ್ಟು ದೂರದಲ್ಲಿ ಏನಿದೆ ಅಂತ ಇಲ್ಲಿಂದ ಹೆಂಗೆ ಗೊತ್ತಾಗುತ್ತೆ ಸಾರ್? ಇವಳಿಗೆ ಅಲ್ಲೇನು ಕೆಲಸ?
– ಓದುಗರು, ಮಂಡ್ಯ

ಉತ್ತರ: ಒಳ್ಳೆ ಆಸೆನೇ ಅಮ್ಮ, ತಡೀಬೇಡಿ. ಎಳೆ ನಕ್ಷತ್ರದ ಸುತ್ತ ಅನಿಲ, ಧೂಳು ತಟ್ಟೆ ಥರ ಸುತ್ತುತ್ತಿರುತ್ತೆ, ಗ್ರಹ ಆಗೋದು ಅದರಿಂದಾನೆ. ಅಲ್ಲಿರೋ ಅಣುಗಳು ಗಿರಗಿರ ತಿರುಗುವಾಗ ಒಂದೊಂದೂ ತನ್ನದೇ ಫ್ರೀಕ್ವೆನ್ಸಿಲಿ ರೇಡಿಯೋ ಅಲೆ ಬಿಡುತ್ತೆ, ಕಾರ್ಬನ್ ಮೊನಾಕ್ಸೈಡ್‌ದು 230.5 ಗಿಗಾಹರ್ಟ್ಸ್ ಹತ್ರ ಒಂದು ಗೆರೆ (ಅಂದ್ರೆ ಆ ಫ್ರೀಕ್ವೆನ್ಸಿಲಿ ಎದ್ದು ಕಾಣೋ ಗುರುತು) ಇದೆ, ಅದು ಕಂಡ್ರೆ ಆ ಅನಿಲ ಅಲ್ಲಿದೆ ಅಂತಾನೇ ಲೆಕ್ಕ. ನಮ್ಮ ಗಾಳಿಲಿರೋ ನೀರಾವಿ ಈ ಅಲೆಗಳನ್ನ ನುಂಗುತ್ತೆ, ಅದಕ್ಕೇ ಚಿಲಿಯ ಅಟಕಾಮ ಮರುಭೂಮಿಲಿ 5000 ಮೀಟರ್ ಎತ್ತರದಲ್ಲಿ 66 ಆಂಟೆನಾಗಳ ಆಲ್ಮಾ ಟೆಲಿಸ್ಕೋಪ್ ಕಟ್ಟಿರೋದು. ಸುಮಾರು 200 ಜ್ಯೋತಿರ್ವರ್ಷ ದೂರದ ಟಿಡಬ್ಲ್ಯು ಹೈಡ್ರೇ ನಕ್ಷತ್ರದ ತಟ್ಟೆಲಿ ಮೆಥನಾಲ್ (ಒಂದು ಥರದ ಆಲ್ಕೋಹಾಲ್) ಇದೆ ಅಂತ 2016ರಲ್ಲಿ ಪತ್ತೆ ಆಗಿದ್ದೂ ಇದರಿಂದಾನೇ.

ನನಗೆ ತುಂಬಾ ಇಷ್ಟ ಆಗೋದು ಈ ಮೆಥನಾಲ್ ಕಥೆ. ಧೂಳಿನ ಕಣದ ಮೇಲೆ ಕಾರ್ಬನ್ ಮೊನಾಕ್ಸೈಡ್ ಹೆಪ್ಪುಗಟ್ಟಿ ಕೂತಿರುತ್ತೆ, ಅದಕ್ಕೆ ಒಂದೊಂದೇ ಹೈಡ್ರೋಜನ್ ಪರಮಾಣು ಬಂದು ಸೇರ್ತಾ ಸೇರ್ತಾ ಮೆಥನಾಲ್ ಆಗುತ್ತೆ. ಇಂಥ ರಿಯಾಕ್ಷನ್‌ನ ಲ್ಯಾಬಲ್ಲಿ ಐಸ್ ಮಾಡಿ ನೋಡೋರು, ಯಾವ ಅಣುಗೆ ಯಾವ ಗೆರೆ ಅಂತ ಅಳೆಯೋರು ಕೆಮಿಸ್ಟ್ರಿಯೋರೇ. ಅಹಮದಾಬಾದಿನ ಫಿಸಿಕಲ್ ರಿಸರ್ಚ್ ಲ್ಯಾಬೊರೇಟರಿಲೂ ಈ ಥರ ಕೆಲಸ ನಡೀತಿದೆ.

ಈಗಿಂದಾನೇ ಸ್ಪೆಕ್ಟ್ರೋಸ್ಕೋಪಿ (ಇಂಥ ಗೆರೆಗಳನ್ನ ಓದೋ ವಿದ್ಯೆ), ಕ್ವಾಂಟಮ್ ಗಟ್ಟಿ ಮಾಡ್ಕೊಳ್ಳಲಿ, ಮ್ಯಾಥ್ಸ್ ಬಿಡೋದು ಬೇಡ, ಪೈಥಾನ್ ಅನ್ನೋ ಕಂಪ್ಯೂಟರ್ ಪ್ರೋಗ್ರಾಮಿಂಗ್ ಭಾಷೆ ಸ್ವಲ್ಪ ಕಲೀಲಿ. ಎಂಎಸ್ಸಿಗೆ ಐಐಟಿಗಳ ಜ್ಯಾಮ್ ಪರೀಕ್ಷೆ ಬರೀಬಹುದು.