ಹಳೆಯ ಪಾಸ್‌ಪೋರ್ಟ್ ಕಳೆದಿದ್ದರೆ ಕೆನಡಾದ ವಾಸ ಸಾಬೀತುಪಡಿಸುವ ಬಗೆ

ಹಳೆಯ ಪಾಸ್‌ಪೋರ್ಟ್ ಕಳೆದುಹೋಗಿದೆ, ಪೌರತ್ವ ನ್ಯಾಯಾಧೀಶರ ಮುಂದೆ ಏನು ತೋರಿಸಲಿ ಎಂದು ಕೇಳಿದ್ದೀರಿ. ಪಾಸ್‌ಪೋರ್ಟ್ ಇಲ್ಲದ ಮಾತ್ರಕ್ಕೆ ಅರ್ಜಿ ಬೀಳುವುದಿಲ್ಲ. ಆದರೆ ಸಾಬೀತುಪಡಿಸುವ ಹೊಣೆ ಪೂರ್ತಿ ನಿಮ್ಮದು.

ಅರ್ಜಿಗೆ ಸಹಿ ಹಾಕಿದ ದಿನಕ್ಕೆ ಹಿಂದಿನ 5 ವರ್ಷಗಳಲ್ಲಿ 1,095 ದಿನ ಕೆನಡಾದ ನೆಲದ ಮೇಲಿದ್ದಿರಬೇಕು. ಕಾಯಂ ನಿವಾಸಿಯಾಗುವ ಮೊದಲಿನ ವಿದ್ಯಾರ್ಥಿ ಅಥವಾ ಉದ್ಯೋಗ ಪರವಾನಗಿಯ ದಿನಗಳಿಗೆ ಅರ್ಧ ಲೆಕ್ಕ, ಅದೂ 365ಕ್ಕೆ ಸೀಮಿತ. ಹೊರಟ ದಿನ, ಮರಳಿದ ದಿನ ಎರಡೂ ನಿಮ್ಮ ಖಾತೆಗೇ ಸೇರುತ್ತವೆ.

ಮೊದಲು ಗಡಿ ಸೇವಾ ಸಂಸ್ಥೆಯಿಂದ ನಿಮ್ಮ ಪ್ರಯಾಣದ ದಾಖಲೆ ತರಿಸಿ. ವಿಮಾನದಲ್ಲಿ ಹೊರಹೋದವರ ಮಾಹಿತಿಯನ್ನು ಅವರು ಸಂಗ್ರಹಿಸಲು ಆರಂಭಿಸಿದ್ದು 2020ರಲ್ಲಿ. ಅದಕ್ಕೂ ಹಿಂದಿನದಕ್ಕೆ ಟಿಕೆಟ್, ಬೋರ್ಡಿಂಗ್ ಪಾಸ್, ಹಳೆಯ ಇಮೇಲ್‌ಗಳೇ ಗತಿ. ಬಾಡಿಗೆ ಕರಾರು, ಸಂಬಳದ ಚೀಟಿ ಒಳ್ಳೆಯವೇ. ಆದರೆ ತಿಂಗಳ ಬಾಡಿಗೆ ತಾನಾಗಿಯೇ ಕಡಿತವಾದರೆ ನೀವು ಅಲ್ಲಿದ್ದಿರಿ ಎಂದಾಗುವುದಿಲ್ಲ! ಅಂಗಡಿಯಲ್ಲಿ ಕಾರ್ಡ್ ಉಜ್ಜಿದ ಬ್ಯಾಂಕ್ ವಿವರ, ವೈದ್ಯರ ಭೇಟಿಯ ದಾಖಲೆ ಹೆಚ್ಚು ತೂಕದವು.

ಬೆಂಗಳೂರಿಗೆ ಹೋದ ಚಿಕ್ಕ ಪ್ರವಾಸವನ್ನೂ ಬಿಡದೆ ಬರೆಯಿರಿ. ದಿನಾಂಕ ಮರೆತಿದ್ದರೆ ಅಂದಾಜು ಎಂದೇ ಹೇಳಿ. ಮುಚ್ಚಿಟ್ಟದ್ದು ಸಿಕ್ಕಿಬಿದ್ದರೆ ಉಳಿದ ಕಾಗದಗಳನ್ನೂ ಅನುಮಾನದಿಂದ ನೋಡುತ್ತಾರೆ.